ಹುಳಿ ಅಂಬಲಿ, ಕಪ್ಪು ನೀರು

ಹೋದ ವರ್ಷ ಮೇ ತಿಂಗಳಲ್ಲಿ ರೈಲು ಬದಲಿಸಲು ವಾಡಿ ಜಂಕ್ಷನ್ನಿನಲ್ಲಿ ಇಳಿದಿದ್ದೆ. ಸೇಡಂ ಕಡೆ ಹೋಗುವ ಗಾಡಿ ತಡ. ಕೂತರೆ ಬೆಂಚಿನ ಕಲ್ಲು ರೊಟ್ಟಿ ಹಂಚಿನಂತೆ ಸುಡುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸು ಗಂಟು ಬಿಚ್ಚಿ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದಳು. ಜೋಳದ ಅಂಬಲಿ. ಹುಳಿ ವಾಸನೆಯ ಜೊತೆಗೆ ಜಜ್ಜಿದ ಬಳ್ಳೊಳ್ಳಿಯ ಘಾಟು. ನಾನು ಡಬ್ಬಿಯನ್ನೇ ನೋಡುತ್ತಿದ್ದೆನೆಂದು ಕಾಣುತ್ತದೆ. "ಜರಾ ಕುಡೀತೀರೇನ್ರಿ ಬಾಯಿ? ಬಿಸಲು ಭಾಳ ಅದ" ಎಂದು ಮುಚ್ಚಳಕ್ಕೇ ಒಂದಿಷ್ಟು ಸುರಿದು ಕೊಟ್ಟಳು. ಮೊದಲ ಗುಟುಕಿಗೇ ಹಲ್ಲು ಜುಮ್ಮೆಂದವು. ಆ ಹುಳಿಗೆ ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ಪೂರ್ತಿ ಎದ್ದು ಬಂತು.

ಆಗ ನನಗೆ ಇಪ್ಪತ್ತನಾಲ್ಕು. ಗುಲಬರ್ಗಾದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ, ಹುದುಗು ಬಂದ ಆಹಾರದ ವಿಜ್ಞಾನವನ್ನು ಜನರಿಗೆ ಮುಟ್ಟಿಸುವ ಒಂದು ಸಂಶೋಧನಾ ಯೋಜನೆಗೆ ಸೇರಿದ್ದೆ. ಚಿತ್ತಾಪುರದ ಒಂದು ಬಾಡಿಗೆ ಕೋಣೆಯೇ ನಮ್ಮ ಪ್ರಯೋಗಶಾಲೆ. ಸಾಮಾನು ಕ್ರಿಮಿಶುದ್ಧ ಮಾಡಲು ದೊಡ್ಡದೊಂದು ಪ್ರೆಷರ್ ಕುಕ್ಕರ್, ಜೀವಾಣು ಬೆಳೆಸಲು ಒಳಗೆ ಬಲ್ಬು ಉರಿಯುವ ಥರ್ಮಾಕೋಲ್ ಪೆಟ್ಟಿಗೆ. ಮೇ ತಿಂಗಳಿನಲ್ಲಿ ಬಲ್ಬೂ ಬೇಕಾಗುತ್ತಿರಲಿಲ್ಲ, ಕೋಣೆಯೇ ಪೆಟ್ಟಿಗೆಯಾಗುತ್ತಿತ್ತು. ಮುಧೋಳ, ಸುಲೇಪೇಟ, ಎಲ್ಲಿ ಹೋದರೂ ಮನೆಮನೆಯ ಹುಳಿ ಅಂಬಲಿಯನ್ನು ಸಣ್ಣ ಶೀಶೆಗಳಲ್ಲಿ ತರುತ್ತಿದ್ದೆ. ಯಾವ ಮನೆಯ ಹುಳಿಯಲ್ಲಿ ಯಾವ ಜೀವಾಣು ಇದೆ, ಯಾವುದು ಬೇಗ ಹುಳಿ ತಂದು ಕೆಟ್ಟ ಕ್ರಿಮಿಗಳನ್ನು ತಡೆಯುತ್ತದೆ ಎಂದು ನೋಡಿ, ಅದನ್ನೇ ಬೆಳೆಸಿ, ಹೆಪ್ಪಾಗಿ ಹೆಂಗಸರಿಗೆ ವಾಪಸು ಕೊಟ್ಟು ಕಲಿಸುವುದು ನನ್ನ ಕೆಲಸ. ಮಕ್ಕಳಿಗೆ ಬೇಸಿಗೆಯಲ್ಲಿ ಕೆಡದ, ಹೊಟ್ಟೆಗೆ ಒಗ್ಗುವ ಊಟ ಸಿಗಲಿ ಎಂಬುದು ಯೋಜನೆಯ ಆಸೆ.

ಈ ಕೆಲಸ ನಮ್ಮಪ್ಪನಿಗೆ ಸೇರಿರಲಿಲ್ಲ. ಅವರು ಸೇಡಮಿನ ಒಂದು ಗುಡಿಯ ಅರ್ಚಕರು, ಮಡಿ ಬಹಳ. ನಮ್ಮ ಮನೆಯಲ್ಲಿ ಹಿಂದಿನ ದಿನದ ಅನ್ನ ಅಡಿಗೆಮನೆಯ ಹೊಸ್ತಿಲು ದಾಟಿ ಒಳಗೆ ಬರುವಂತಿರಲಿಲ್ಲ.

"ಹಳಸಿದ್ದು ಕುಡೀರಿ ಅಂತ ಮಂದಿಗೆ ಹೇಳ್ಲಿಕ್ಕೆ ನಿನ್ನ ಎಂ.ಎಸ್ಸಿ. ಓದಿಸಿದೆನೇನು ವೈಜೂ?"

"ಹಂಗಾರ ಮೊಸರು ಏನಪ್ಪಾ? ಅದೂ ಹುದುಗಿದ್ದೇ ಅಲ್ಲೇನು?"

"ಮೊಸರು ದೇವರಿಗೆ ನಡೀತದ" ಎಂದು ಅವರು ಮಾತು ಮುಗಿಸುತ್ತಿದ್ದರು. ನಾನು ಬಚ್ಚಲಿಗೆ ಹೋಗಿ ಸ್ನಾನ ಮಾಡಿಯೇ ಒಳಗೆ ಬರಬೇಕು. ಬರುತ್ತಿದ್ದೆ. ಮರುದಿನ ಬೆಳಿಗ್ಗೆ ಮತ್ತೆ ಚಿತ್ತಾಪುರದ ಪ್ಯಾಸೆಂಜರ್ ಹತ್ತುತ್ತಿದ್ದೆ.

ಶಹಾಬಾದಿನಲ್ಲಿ ಕಲ್ಲಿನ ಗಣಿಗಳ ಪಕ್ಕ ಒಂದು ಓಣಿ. ಗಣಿಯಲ್ಲಿ ಫರ್ಸಿ ಎಂಬ ಹಾಸುಗಲ್ಲು ಎಬ್ಬಿಸುವವರು, ಅದನ್ನು ಕೊಯ್ದು ನುಣುಪು ಮಾಡುವವರು ಅಲ್ಲಿದ್ದರು. ಗೋಡೆ, ಸೂರು, ಕಟ್ಟೆ, ಬಚ್ಚಲು ಎಲ್ಲವೂ ಅದೇ ಕಲ್ಲು. ಅಲ್ಲಿ ನಾನು ಅಂಬಲಿ ಕಲಿಸಿದ ಹೆಂಗಸರಲ್ಲಿ ಕಾಶಮ್ಮ ಒಬ್ಬಳು. ನಲವತ್ತರ ಆಸುಪಾಸು, ಗಂಡ ಇರಲಿಲ್ಲ, ಹಣೆಯ ತುಂಬ ವಿಭೂತಿ, ಬಾಯಿ ಜೋರು. ಮೊದಲನೇ ದಿನವೇ ಹುಳಿ ಅಳೆಯುವ ನನ್ನ ಪಿಎಚ್ ಕಾಗದವನ್ನು ಕಸಿದು, ತನ್ನ ಅಂಬಲಿಯಲ್ಲಿ ಅದ್ದಿ, ಕೆಂಪಗಾದದ್ದನ್ನು ನೋಡಿ, "ಇದಕ್ಕೂ ಹುಳಿ ಅಂದ್ರ ನಾಚಿಕಿ ಬರ್ತದ ನೋಡ್ರಿ" ಎಂದು ಎಲ್ಲರನ್ನೂ ನಗಿಸಿದ್ದಳು. ಬೇಸಿಗೆ ಏರುತ್ತಿದ್ದಂತೆ ಗಣಿಗೆ ಹೋಗುವ ದಾರಿಯಲ್ಲಿ ಒಂದು ಕೈಗಾಡಿ ನಿಲ್ಲಿಸಿ ಅಂಬಲಿ ಮಾರತೊಡಗಿದಳು. ಎರಡು ಮಡಿಕೆ ಅಂಬಲಿ, ಒಂದು ಕೊಡ ನೀರು, ಒಂದು ತಾಟು ಉಳ್ಳಾಗಡ್ಡಿ. ಕಲ್ಲು ಒಡೆದು ಬಂದವರು ನಿಂತೇ ಕುಡಿದು, ಮೀಸೆ ಒರೆಸಿಕೊಂಡು ಹೋಗುತ್ತಿದ್ದರು. ನಮ್ಮ ಯೋಜನೆಯಲ್ಲಿ ಬರೀ ಮಾತಾಗಿ ಉಳಿಯದೆ ಬದುಕಾದದ್ದು ಅದೊಂದೇ. ನನಗೆ ಹೆಮ್ಮೆಯೋ ಹೆಮ್ಮೆ.

ಮೇ ಮಧ್ಯದಲ್ಲಿ ಆ ಓಣಿಗೆ ವಾಂತಿಭೇದಿ ಬಿತ್ತು. ಮೊದಲು ಎರಡು ಮನೆ, ಆಮೇಲೆ ಓಣಿಯ ಅರ್ಧ. ಎತ್ತಿನ ಗಾಡಿ, ಟಂಟಂ, ಸಿಕ್ಕಿದ್ದರಲ್ಲಿ ಜನರನ್ನು ದವಾಖಾನೆಗೆ ಸಾಗಿಸಿದರು. ಕಲ್ಲು ಕೊಯ್ಯುವ ಹುಸೇನಪ್ಪನ ತಾಯಿ, ಇಡೀ ಓಣಿಯ ಬಾಣಂತನ ಮಾಡಿದ್ದ ಮುದುಕಿ, ದಾರಿಯಲ್ಲೇ ತೀರಿಕೊಂಡಳು. ಮುದುಕಿ ಹಿಂದಿನ ದಿನ ಕಾಶಮ್ಮನ ಅಂಬಲಿ ಕುಡಿದಿದ್ದಳು ಎಂದು ಯಾರೋ ಅಂದರು. ಅಷ್ಟು ಸಾಕಾಯಿತು. ಮಣ್ಣು ಮಾಡಿ ಬಂದವರು ನೆಟ್ಟಗೆ ಕಾಶಮ್ಮನ ಗಾಡಿಗೆ ಹೋಗಿ ಮಡಿಕೆ ಒಡೆದರು, ಗಾಡಿಯನ್ನು ಚರಂಡಿಗೆ ತಳ್ಳಿದರು.

ಸುದ್ದಿ ಕೇಳಿ ನಾನು ಹೋದಾಗ ಕಾಶಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ.

"ನನ್ನ ಕಾಯಕದ ಗಡಿಗಿ ಒಡದಾರ ಬಾಯಾರ. ನಾ ಆ ಮುದುಕಿಗಿ ವಿಷ ಕೊಟ್ಟೀನೇನು? ನನ್ನ ಮಗಳನ್ನ ಹಡಿಸಿದ ಕೈ ಅದು."

ಯೋಜನೆಯ ಮುಖ್ಯಸ್ಥರು ವಸಂತರಾವ್ ಸರ್. ನನಗೆ ವಿಜ್ಞಾನ ಕಲಿಸಿದವರು, ಸಣ್ಣ ದನಿಯವರು, ಕೆಟ್ಟವರಲ್ಲ. ಮರುದಿನವೇ ಚಿತ್ತಾಪುರಕ್ಕೆ ಬಂದರು. ಭಾನುವಾರ ಓಣಿಯಲ್ಲಿ ಸಭೆ ಇದೆ, ನಮ್ಮ ಯೋಜನೆಗೆ ಒಪ್ಪಿಗೆ ಕೊಟ್ಟಿರುವ ಊರಿನ ಸಮಿತಿ ಕರೆದಿದೆ, ಆ ಸಮಿತಿಯ ದೊಡ್ಡವರೂ ಗಣಿಯ ಮಾಲೀಕರೂ ಆದ ನಾಗಶೆಟ್ಟೆಪ್ಪನವರೇ ನಿಂತು ಮಾಡಿಸುತ್ತಿದ್ದಾರೆ ಎಂದರು.

"ನೀನು ನಾಕು ಮಾತು ಹೇಳು. ಮನೀ ಅಂಬಲಿ ಸ್ವಚ್ಛ ಇಲ್ಲದಿದ್ರ ಹಿಂಗಾಗ್ತದ, ಬೀದಿಯೊಳಗ ಕುಡೀಬ್ಯಾಡ್ರಿ ಅಂತ. ಮಂದಿ ಶಾಂತ ಆಗ್ತಾರ. ನಮ್ಮ ಯೋಜನಾನೂ ಉಳೀತದ."

"ಸರ್, ನಾವಿನ್ನೂ ಅಂಬಲಿ ಪರೀಕ್ಷಾ ಮಾಡಿಲ್ಲ."

"ಎಲ್ಲಾದಕ್ಕೂ ಪರೀಕ್ಷಾ ಬೇಕಾಗೂದಿಲ್ಲ ವೈಜಯಂತಿ."

ಇದೇ ಮನುಷ್ಯ ನನಗೆ ಪ್ರಯೋಗಾಲಯದಲ್ಲಿ, ಕಣ್ಣಿಂದ ನೋಡದೆ ಬಾಯಿಂದ ಆಡಬೇಡ ಎಂದು ಕಲಿಸಿದ್ದರು. ಸಿಟ್ಟಿಗೆ ಕಿವಿ ಬಿಸಿಯಾದವು. "ಆಗಲಿ ಸರ್, ಮಾತಾಡ್ತೀನಿ" ಎಂದೆ. ಏನು ಮಾತಾಡುತ್ತೇನೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಆ ವಾರ ನಾನು ಓಣಿಯ ಮನೆಮನೆ ತಿರುಗಿದೆ. ಕಾಶಮ್ಮನ ಗಾಡಿಯ ಕಡೆ ಕಾಲೇ ಇಡದವರ ಮನೆಯಲ್ಲೂ ಕಾಯಿಲೆ ಇತ್ತು. ಹೊರಗಿನ ಹಳ್ಳಿಗಳಿಂದ ಬುತ್ತಿ, ನೀರು ಎರಡನ್ನೂ ಕಟ್ಟಿಕೊಂಡು ಗಣಿಗೆ ಬರುವ ಕೆಲವರು ದಿನಾ ಅವಳ ಅಂಬಲಿ ಕುಡಿದಿದ್ದರು, ಅವರಿಗೆ ಏನೂ ಆಗಿರಲಿಲ್ಲ. ಕಾಯಿಲೆ ಬಿದ್ದವರಿಗೆಲ್ಲ ಸಮನಾಗಿದ್ದದ್ದು ಒಂದೇ: ಟ್ಯಾಂಕರ್ ನೀರು. ಓಣಿಯ ಬಾವಿ ಏಪ್ರಿಲ್‌ನಲ್ಲೇ ಬತ್ತಿತ್ತು. ನೀರು ತರುವ ಟ್ಯಾಂಕರ್ ನಾಗಶೆಟ್ಟೆಪ್ಪನದು.

ಟ್ಯಾಂಕರಿನ ಗಾಲಿ ಗುರುತು ಹಿಡಿದು ಮಧ್ಯಾಹ್ನದ ಬಿಸಿಲಲ್ಲಿ ನಡೆದೆ. ಊರಾಚೆಯ ತೋಟದ ಬಾವಿಗೆ ಹೋಗುತ್ತದೆಂದು ಎಲ್ಲರೂ ನಂಬಿದ್ದರು. ಗುರುತು ಆ ಕಡೆ ತಿರುಗಲೇ ಇಲ್ಲ. ಕೆಲಸ ನಿಂತ ಹಳೆಯ ಗಣಿಯೊಂದರ ಬಾಯಿಗೆ ಹೋಗಿ ಮುಗಿಯಿತು. ಕೆಳಗೆ ಹಸಿರು ನೀರು. ನಾಲ್ಕು ಎಮ್ಮೆ ಕುತ್ತಿಗೆವರೆಗೆ ಮುಳುಗಿ ಕಣ್ಣು ಮುಚ್ಚಿ ನಿಂತಿದ್ದವು. ಮೇಲಿನ ದಂಡೆ ಜನ ಚೊಂಬು ಹಿಡಿದು ಹೋಗುವ ಬಯಲು. ಎಮ್ಮೆಗಳ ಪಕ್ಕದಲ್ಲೇ ನೀರಿಗಿಳಿದಿತ್ತು ಪಂಪಿನ ಪೈಪು.

ನನ್ನ ಬಳಿ ಒಂದು ಸರಳ ಪರೀಕ್ಷೆ ಇತ್ತು. ಸಣ್ಣ ಬಾಟಲಿಯೊಳಗೆ ಔಷಧಿ ಹೀರಿಸಿ ಒಣಗಿಸಿದ ಕಾಗದದ ತುಂಡು ಹಾಕಿ ಕುಕ್ಕರಿನಲ್ಲಿ ಶುದ್ಧ ಮಾಡಿ ಇಟ್ಟಿರುವುದು. ಅದಕ್ಕೆ ನೀರು ತುಂಬಿ ಒಂದು ದಿನ ಬೆಚ್ಚಗೆ ಇಟ್ಟರೆ, ಮಲದ ಹೊಲಸು ಸೇರಿದ ನೀರು ಸಾಮಾನ್ಯವಾಗಿ ಕಪ್ಪಾಗುತ್ತದೆ. ಇಂಥದೇ ರೋಗದ ಕ್ರಿಮಿ ಎಂದು ಅದು ಹೇಳಲಾರದು. ಆದರೆ ಈ ನೀರು ಕುಡಿಯಬೇಡ ಎಂದು ಹೇಳುತ್ತದೆ, ಅದೂ ಓದು ಬರದವರಿಗೂ ಕಾಣುವಂತೆ. ಗಣಿಯ ನೀರು ತುಂಬಿದ್ದು ಮರುದಿನ ಇದ್ದಿಲಿನಂತಾಗಿತ್ತು. ಅಂಬಲಿಗೆ ಈ ಬಾಟಲಿ ನಡೆಯುವುದಿಲ್ಲ, ಹುಳಿ ಪರೀಕ್ಷೆಯನ್ನೇ ಕೆಡಿಸುತ್ತದೆ. ಹಾಗಾಗಿ ಕಾಶಮ್ಮನ ಮನೆಯಲ್ಲಿ ಒಡೆಯದೆ ಉಳಿದಿದ್ದ ಒಂದು ಗಡಿಗೆಯ ಅಂಬಲಿ ತಂದು, ಹುಳಿಯನ್ನು ಸಮ ಮಾಡಿಕೊಂಡು, ಜೀವಾಣು ಬೆಳೆಸುವ ತಟ್ಟೆಗಳಲ್ಲಿ ಹಾಕಿ ಕಾದೆ. ಹೆಪ್ಪಿನ ಜೀವಾಣುಗಳು ಮುತ್ತು ಚೆಲ್ಲಿದ ಹಾಗೆ ಬೆಳೆದಿದ್ದವು. ಹೊಲಸಿನ ಕ್ರಿಮಿಗಾಗಿ ಇಟ್ಟ ತಟ್ಟೆಯಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಒಬ್ಬಳೇ ಕೋಣೆಯಲ್ಲಿ ನಿಂತು ಗಟ್ಟಿಯಾಗಿ ನಕ್ಕೆ.

ಆದರೆ ದಿನಾ ಗಾಡಿಯ ಮೇಲೆ ಇಡುತ್ತಿದ್ದ, ಅವತ್ತು ಮನೆಯಲ್ಲೇ ಉಳಿದಿದ್ದ ನೀರಿನ ಕೊಡದಿಂದಲೂ ಒಂದು ಬಾಟಲಿ ತುಂಬಿದ್ದೆ. ಗಲಾಸು ತೊಳೆಯುವುದು, ಅಂಬಲಿ ಕುಡಿದವರಿಗೆ ಮೇಲೆ ನೀರು ಕೊಡುವುದು ಅದರಿಂದಲೇ. ಕಾಯಿಸಿದ ನೀರನ್ನೇ ಇಡಬೇಕೆಂದು ಕಲಿಸಿದ್ದೆ. ಆ ಬಾಟಲಿಯೂ ಕಪ್ಪಾಗಿತ್ತು.

ಶುಕ್ರವಾರ ಕಾಶಮ್ಮನ ಎದುರು ಅದನ್ನಿಟ್ಟೆ. ಎಲ್ಲವನ್ನೂ ಹೇಳಿದೆ: ಅಂಬಲಿ ನಿರ್ಮಲ, ಗಣಿಯ ನೀರು ಹೊಲಸು, ನಿನ್ನ ಕೊಡವೂ ಹೊಲಸು.

ಅವಳ ಮುಖ ಕೆಂಪೇರಿತು. "ಬರೇ ಅಂಬಲಿ ಮಾತು ಹೇಳ್ರಿ. ಕೊಡದ ಮಾತು ಯಾಕ ಎತ್ತಾಕತ್ತೀರಿ? ಮತ್ತ ನನ್ನ ಮ್ಯಾಲೇ ಬೀಳ್ತಾರವರು!"

"ಅರ್ಧ ಹೇಳಿದ್ರ ನಾನೂ ಅವರಂಗೇ ಆಗ್ತೀನಿ ಕಾಶಮ್ಮ."

"ಕಾಯಿಸ್ರಿ ಅಂತೀರಿ. ಕಟ್ಟಿಗಿ ಎಲ್ಲಿಂದ ತರ್ಲಿ? ಈ ಓಣಿಯಾಗ ಯಾರ ಮನ್ಯಾಗ ನೀರು ಕಾಯಸ್ತಾರ, ಒಬ್ಬರನ್ನ ತೋರಸ್ರಿ!" ಎಂದು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಕಟ್ಟೆಯ ಮೇಲೆಯೇ ಕೂತೆ. ನೆರಳು ನನ್ನ ಮೇಲಿಂದ ಸರಿದು ಹೋಯಿತು, ಬಿಸಿಲು ಬಂತು. ಕೊನೆಗೆ ಬಾಗಿಲು ತೆರೆಯಿತು.

"ಹೇಳ್ರಿ. ನನ್ನ ಕೊಡದಾಗೂ ಹೊಲಸು ಅದ ಅಂತ ಹೇಳ್ರಿ. ಆದ್ರ ಕೊಡಕ್ಕ ಅದು ಎಲ್ಲಿಂದ ಬಂತು ಅನ್ನೂದೂ ಹೇಳಬೇಕು. ಅಂಜಿ ಬಿಡಬಾರದು ಮತ್ತ."

ಶನಿವಾರ ಬೆಳಿಗ್ಗೆ ಓಣಿಯ ಮಧ್ಯದ ಬೇವಿನ ಮರದ ಕೆಳಗೆ ದೊಡ್ಡ ಫರ್ಸಿಕಲ್ಲಿನ ಮೇಲೆ ಬಾಟಲಿಗಳನ್ನು ಸಾಲಾಗಿ ಇಟ್ಟೆ. ನಾನು ಒಂದನ್ನೂ ತುಂಬಲಿಲ್ಲ. ಬೇಕಾದವರು ತಮ್ಮ ಕೈಯಿಂದಲೇ ತುಂಬಲಿ ಎಂದೆ. ಹುಸೇನಪ್ಪ, ತಾಯಿಯನ್ನು ಕಳೆದುಕೊಂಡವನು, ತನ್ನ ಮನೆಯ ಹಂಡೆಯ ನೀರು ತಂದು ಸುರಿದ. ಆಮೇಲೆ ಅವನೇ ಗಣಿಗೆ ಇಳಿದು ಹೊಂಡದ ನೀರು ತಂದ. ರೈಲು ಹಳಿಯಾಚೆಯ ಸೇದು ಬಾವಿಯ ನೀರನ್ನು ಒಬ್ಬಳು ತಂದಳು. ಕಾಯಿಸಿ ಆರಿಸಿದ ನೀರು ಒಂದು. ಟ್ಯಾಂಕರ್ ಬಂದು ನಿಂತಾಗ ಅದರ ನಳದಿಂದಲೇ ಒಂದು. ಕಾಶಮ್ಮ ತನ್ನ ಕೊಡವನ್ನು ಎಲ್ಲರೆದುರು ಹೊತ್ತು ತಂದು ತುಂಬಿದಳು. ಬಾಟಲಿ ಗುರುತಿಸಲು ಒಂದೊಂದರ ಕುತ್ತಿಗೆಗೆ ಒಂದೊಂದು ಬಣ್ಣದ ಸೀರೆ ಅಂಚು ಕಟ್ಟಿದೆವು.

ಮಧ್ಯಾಹ್ನಕ್ಕೆ ನಾಗಶೆಟ್ಟೆಪ್ಪನ ಕಡೆಯ ಇಬ್ಬರು ಬಂದು, "ಏನ್ರಿ ಇದು ಜಾದೂ? ತೆಗೀರಿ" ಎಂದರು. ಹೆಂಗಸರು ಕಲ್ಲಿನ ಸುತ್ತ ಕೂತಿದ್ದರು. ಒಬ್ಬಳು ಜೋಳ ಹಸನು ಮಾಡುತ್ತಿದ್ದವಳು ಮೊರದಿಂದ ತಲೆಯೆತ್ತದೆ, "ಜಾದೂ ಆದ್ರ ನಿಮಗ್ಯಾಕ ಅಂಜಿಕಿ? ಕುಂದ್ರಿ, ನೀವೂ ನೋಡ್ರಿ" ಎಂದಳು. ಅವರು ಕೂರಲಿಲ್ಲ. ಹೆಂಗಸರು ಏಳಲಿಲ್ಲ.

ಅದೇ ದಿನ ಅವರ ಪೈಕಿ ಯಾರೋ ಸೇಡಮಿಗೆ ಹೋಗಿ ನಮ್ಮಪ್ಪನನ್ನು ಗುಡಿಯ ಪೌಳಿಯಲ್ಲೇ ಕಂಡರು. ಮಗಳಿಗೆ ಬುದ್ಧಿ ಹೇಳಿ, ಹೆಣ್ಣುಹುಡುಗಿ, ಹೆಸರು ಕೆಡುತ್ತದೆ ಎಂದರಂತೆ. ಸಂಜೆ ನಾನು ಮನೆಗೆ ಬಂದಾಗ ಅಪ್ಪ ತುಳಸಿ ಕಟ್ಟೆಯ ಹತ್ತಿರ ನಿಂತಿದ್ದರು. ಬೈಗುಳಕ್ಕೆ ನಾನು ತಯಾರಾದೆ.

"ಅವರಿಗೆ ನಾ ಒಂದೇ ಕೇಳಿದೆ, ಅಕಿ ಸುಳ್ಳು ಹೇಳ್ಯಾಳೇನು ಅಂತ. ಹೂಂ ಅನಲಿಲ್ಲ, ಊಹೂಂ ಅನಲಿಲ್ಲ." ತುಳಸಿಯ ಮುಂದಿನ ದೀಪದ ಬತ್ತಿ ಸರಿಮಾಡಿ ಅಂದರು, "ನಿನ್ನ ಅಂಬಲಿ ನಾ ಸಾಯೂತನಾ ಕುಡಿಯೂದಿಲ್ಲ. ಆದ್ರ ನಾಳೆ ಅಲ್ಲಿ ಅಂಜಿ ಸುಳ್ಳಾಡಿದೆಯೋ, ಈ ಮನೀಗೆ ಬರಬ್ಯಾಡ."

ಭಾನುವಾರ ಬಾಟಲಿಗಳೇ ಸಭೆಯನ್ನು ಮೊದಲೇ ಮುಗಿಸಿದ್ದವು. ನಾನು ಹೋಗುವ ಹೊತ್ತಿಗೆ ಓಣಿಯವರೆಲ್ಲ ಕಲ್ಲಿನ ಸುತ್ತ ನಿಂತಿದ್ದರು. ಗಣಿ ಕಪ್ಪು. ಟ್ಯಾಂಕರ್ ಕಪ್ಪು. ಹುಸೇನಪ್ಪನ ಹಂಡೆ ಕಪ್ಪು, ಕಾಶಮ್ಮನ ಕೊಡ ಕಪ್ಪು. ಕಾಯಿಸಿದ ನೀರು, ಹಳಿಯಾಚೆಯ ಬಾವಿಯ ನೀರು ಮಾತ್ರ ಇಟ್ಟ ಹಾಗೇ ಇದ್ದವು. ಹುಸೇನಪ್ಪ ತನ್ನ ಮನೆಯ ಬಾಟಲಿಯನ್ನು ಎತ್ತಿ ಸೂರ್ಯನಿಗೆ ಹಿಡಿದು ನೋಡುತ್ತಿದ್ದ. ಬೆಳಕು ದಾಟುತ್ತಿರಲಿಲ್ಲ.

ನಾಗಶೆಟ್ಟೆಪ್ಪ ಬಿಳಿ ಧೋತರದಲ್ಲಿ ಬಂದು ಕುರ್ಚಿಯ ಮೇಲೆ ಕೂತರು. ಪಕ್ಕದಲ್ಲಿ ವಸಂತರಾವ್ ಸರ್. ನನ್ನನ್ನು ಕರೆದರು. ಎದ್ದು ಕಲ್ಲಿನ ಪಕ್ಕ ನಿಂತೆ. ತಟ್ಟೆಯಲ್ಲಿ ಕಂಡದ್ದನ್ನು ಹೇಳಿದೆ, ಕೊಡದಲ್ಲಿ ಕಂಡದ್ದನ್ನು ಹೇಳಿದೆ, ಎಮ್ಮೆಗಳ ಪಕ್ಕದ ಪೈಪನ್ನೂ ಹೇಳಿದೆ. ಸರ್ ನಡುವೆಯೇ ಎದ್ದು, ಸಣ್ಣ ದನಿಯಲ್ಲಿ, "ವೈಜಯಂತಿ, ನಿನ್ನ ಕೆಲಸ ಅಂಬಲಿದು. ನೀರಿನ ಉಸಾಬರಿ ನಿನಗ್ಯಾಕ?" ಎಂದರು.

"ಸರ್, ಅಂಬಲಿ ನೀರಾಗೇ ಮಾಡ್ತಾರ್ರಿ."

ಯಾರೋ ಹಿಂದಿನಿಂದ ನಕ್ಕರು. ನಾಗಶೆಟ್ಟೆಪ್ಪ ನಗಲಿಲ್ಲ. ಎದ್ದು ನಿಂತು ಓಣಿಗೆ ಓಣಿಯನ್ನೇ ದಿಟ್ಟಿಸಿ, "ಆತು. ನನ್ನ ನೀರು ಹೊಲಸು, ಹೌದಲ್ಲ? ನಾಳಿಂದ ಟ್ಯಾಂಕರ್ ಬಂದ್. ಈಕಿ ಬಾಟಲ್ಯಾಗಿಂದ ಕುಡೀರಿ ನೀವು" ಎಂದರು.

ಈ ಬಿಸಿಲಲ್ಲಿ ನೀರು ನಿಂತರೆ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ನಾನು ಸಂಜೆ ರೈಲು ಹತ್ತಿ ಹೋಗುವವಳು, ಕೊಡ ಹೊರಬೇಕಾದವರು ಅವರು.

ಕಾಶಮ್ಮ ಮುಂದೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

"ಬಂದ್ ಮಾಡ್ರಿ ಶೆಟ್ಟರ. ನನ್ನ ಕೊಡದಾಗ ಹೊಲಸಿತ್ತು, ಎಲ್ಲಾರ ಮುಂದ ಒಪ್ಪೀನಿ. ಅದಕ್ಕ ನನ್ನ ಗಾಡಿ ಚರಂಡಿಗಿ ಹೋಗ್ಯಾದ. ಮತ್ತ ನಿಮ್ಮ ಟ್ಯಾಂಕರ್ ಯಾವ ಚರಂಡಿಗಿ ಹೋಗಬೇಕು, ನೀವೇ ಹೇಳ್ರಿ. ನಾವು ಹಳಿ ದಾಟಿ ನೀರು ತರ್ತೀವಿ. ನೀರಡಿಸಿ ಸತ್ರೂ ಸಾಯ್ತೀವಿ, ಆ ಹೊಂಡದ್ದು ಕುಡದು ಸಾಯೂದಿಲ್ಲ."

ಹುಸೇನಪ್ಪ ಅವಳ ಪಕ್ಕಕ್ಕೆ ಹೋಗಿ ನಿಂತ. ಅವಳ ಮಡಿಕೆ ಒಡೆದವರಲ್ಲಿ ಅವನೇ ಮೊದಲಿಗ. "ನೀರಿಲ್ಲಂದ್ರ ಕಲ್ಲೂ ಇಲ್ರಿ ಶೆಟ್ಟರ" ಎಂದ, ಅಷ್ಟೇ. ನಾಗಶೆಟ್ಟೆಪ್ಪನ ಗಣಿಯ ಫರ್ಸಿ ಏಳುವುದು, ಲಾರಿ ತುಂಬುವುದು ಈ ಓಣಿಯವರ ಕೈಯಿಂದಲೇ.

ಟ್ಯಾಂಕರ್ ಖರೇನೇ ನಿಂತಿತು. ಗಣಿಯ ಕೆಲಸವೂ ನಿಂತಿತು. ಹೆಂಗಸರು, ಗಂಡಸರು ಹಳಿ ದಾಟಿ, ಬಾವಿಯ ಮುಂದೆ ಪಾಳಿ ಹಚ್ಚಿ ನೀರು ತಂದರು. ಹಾಸಿಗೆ ಹಿಡಿದವರ ಮನೆಗೆ ಮೊದಲ ಕೊಡ. ಒಂದೇ ಒಲೆಯ ಮೇಲೆ ನಾಲ್ಕಾರು ಮನೆಯ ಕುಡಿಯುವ ನೀರು ಕುದಿಯಿತು. ಕಾಯಿಲೆ ಇಳಿಯತೊಡಗಿತು. ತುಂಬದ ಲಾರಿಗಳು ಸಾಲುಗಟ್ಟಿ ನಿಂತಾಗ ನಾಗಶೆಟ್ಟೆಪ್ಪನ ಟ್ಯಾಂಕರ್ ತೋಟದ ಬಾವಿಯ ನೀರು ಹೊತ್ತು ತಾನಾಗಿಯೇ ಓಣಿಗೆ ಬಂತು. ಡ್ರೈವರ್ ನಳ ತಿರುಗಿಸುವ ಮೊದಲು ಹೆಂಗಸರು ಒಂದು ಬಾಟಲಿ ಚಾಚಿದರು. ಅದು ಒಂದು ದಿನ ಬೇವಿನ ಮರದ ಕೆಳಗೆ ಕೂತು ತಿಳಿಯಾಗಿಯೇ ಉಳಿದ ಮೇಲೆಯೇ ಅವರು ಕೊಡ ಹಿಡಿದದ್ದು.

ನನ್ನ ಕೆಲಸ ಹೋಯಿತು. ಚಿತ್ತಾಪುರದ ಕೋಣೆಗೆ ಬೀಗ ಬಿತ್ತು. ಕೀಲಿ ಒಪ್ಪಿಸುವಾಗ ಸರ್ ನನ್ನ ಮುಖ ನೋಡದೆ, "ನೀ ಹೇಳಿದ್ದು ತಪ್ಪಲ್ಲ, ಹೇಳಿದ ಜಾಗ ತಪ್ಪು" ಎಂದರು. ಬೇರೆ ಜಾಗ ಯಾವುದಿತ್ತು ಎಂದು ಕೇಳಿದೆ. ಕೀಲಿಯನ್ನು ಮೇಜಿನ ಮೇಲಿಟ್ಟು ಹೊರಟೆ. ಮನೆಯ ಹಳೆಯ ಕುಕ್ಕರಿನಲ್ಲಿ ಬಾಟಲಿ ಶುದ್ಧ ಮಾಡತೊಡಗಿದೆ. ಅಮ್ಮ ಅದಕ್ಕೆಂದೇ ಹಿತ್ತಲಲ್ಲಿ ಬೇರೆ ಒಲೆ ಹೂಡಿಕೊಟ್ಟಳು. ಮುಂದೆ ಕಾಲೇಜಿನಲ್ಲಿ ನೌಕರಿ ಸಿಗುವವರೆಗೂ ಭಾನುವಾರ ತಪ್ಪದೆ ಶಹಾಬಾದಿಗೆ ಹೋದೆ. ಹುಸೇನಪ್ಪ ಚರಂಡಿಯಿಂದ ಎತ್ತಿ ರಿಪೇರಿ ಮಾಡಿದ ಗಾಡಿಯ ಮೇಲೆ ಕಾಶಮ್ಮ ಮತ್ತೆ ಅಂಬಲಿ ಇಟ್ಟಳು. ಕೊಡದ ಪಕ್ಕ ಅದೇ ನೀರು ತುಂಬಿದ ಒಂದು ಬಾಟಲಿಯನ್ನೂ ಇಟ್ಟಳು, ಯಾರು ಬೇಕಾದರೂ ನೋಡಲಿ ಎಂದು.

ಆ ವರ್ಷದ ಜುಲೈನಲ್ಲಿ ಮಳೆ ಬಿದ್ದು ಬಾವಿಗಳಿಗೆಲ್ಲ ಕೆಂಪು ನೀರು ಇಳಿದ ಒಂದು ಭಾನುವಾರ, ಬೇವಿನ ಮರದ ಕೆಳಗೆ ಬಾಟಲಿಗೆ ಬಂದವರ ಸಾಲು ಉದ್ದವಿತ್ತು. ಸಾಲಿನ ಕೊನೆಗೆ ಒಬ್ಬ ಹೆಂಗಸು, ರೇಷ್ಮೆ ಅಂಚಿನ ಸೀರೆ, ಸೆರಗಿನ ಮರೆಯಲ್ಲಿ ಒಂದು ಹಿತ್ತಾಳೆ ತಂಬಿಗೆ. ನಾಗಶೆಟ್ಟೆಪ್ಪನ ಹೆಂಡತಿ. ಮೊಮ್ಮಗನಿಗೆ ವಾರದಿಂದ ಭೇದಿ ನಿಲ್ಲುತ್ತಿಲ್ಲ, ಮನೆಯವರಿಗೆ ಹೇಳದೆ ಬಂದಿದ್ದೇನೆ ಎಂದು ಪಕ್ಕದವಳ ಕಿವಿಯಲ್ಲಿ ಅಂದಳು. ಯಾರೋ ಅವಳನ್ನು ಮುಂದೆ ಬಿಡಲು ಸರಿದರು. ಕಾಶಮ್ಮ ಬಿಡಲಿಲ್ಲ.

"ಪಾಳಿ ಹಚ್ರಿ ಅಕ್ಕಾರ. ಇಲ್ಲಿ ಎಲ್ಲಾರ ನೀರೂ ಒಂದೇ."

ಆಕೆ ಪಾಳಿ ಹಚ್ಚಿದಳು. ಮರುದಿನ ತಾನೇ ಬಂದು ನೋಡಿದಳೆಂದು ಕಾಶಮ್ಮ ಆಮೇಲೆ ನನಗೆ ಹೇಳಿದಳು. ಆ ಮನೆಯ ಬಾವಿಯ ನೀರೂ ಕಪ್ಪಾಗಿತ್ತು. ಆಕೆ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲವಂತೆ. ಕೈಯಲ್ಲಿ ಎದೆಮಟ್ಟಕ್ಕೆ ಎತ್ತಿ ಹಿಡಿದು, ಬಜಾರಿನ ನಡುವಿನಿಂದ, ಅಂಗಡಿಯವರೆಲ್ಲ ಎದ್ದು ನೋಡುವಂತೆ, ಗಂಡ ಕೂತಿದ್ದ ಕಟ್ಟೆಯ ತನಕ ನಡೆದುಕೊಂಡು ಹೋದಳಂತೆ.